ಕೊಕ್ಕೆಯ ಕತ್ತಿ, ಒರೆಯ ಕತ್ತಿ

ಅಡಿಕೆ ತೋಟ, ಕಾಫಿ ತೋಟ, ಗದ್ದೆ, ಸೊಪ್ಪಿನ ಬೆಟ್ಟ ಒಂದಕ್ಕೊಂದು ತಾಗಿಕೊಂಡಿರುವ ಸೀಮೆಯಲ್ಲಿ ಕೈಗೆ ಮೊದಲು ಸಿಗಬೇಕಾದ ಹತಾರ ಕತ್ತಿ. ತುಂಗಾ ಮತ್ತು ಭದ್ರಾ ಕಣಿವೆಗಳ ನಡುವಿನ ಜಯಪುರ ಅಂಥ ಊರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯಾವ ತೋಟಕ್ಕೆ ಹೋದರೂ ಕೆಲಸಕ್ಕೆ ಇಳಿದವನ ಬೆನ್ನ ಹಿಂದೆ, ಸೊಂಟದ ಹಗ್ಗಕ್ಕೆ ಕಟ್ಟಿದ ಕೊಕ್ಕೆಯಲ್ಲಿ ಕತ್ತಿಯೊಂದು ನೇತಾಡುತ್ತಿರುತ್ತದೆ. ದಾರಿಗೆ ಬಿದ್ದ ಕೊಂಬೆ ಕಡಿಯಲು, ಬೇಲಿಗೆ ಗೂಟ ಚೂಪು ಮಾಡಲು, ಬಾಳೆಗೊನೆ ಇಳಿಸಲು, ಎಳನೀರು ಕೆತ್ತಲು, ಕಾಫಿ ಗಿಡದ ಮೇಲೆ ಹಬ್ಬಿದ ಬಳ್ಳಿ ಸವರಲು ಅದೊಂದೇ ಸಾಕು.

ಆಕಾರದಲ್ಲಿ ಈ ಕತ್ತಿ ಸರಳ. ಹಿಡಿಯಿಂದ ಹೊರಟ ಅಲಗು ಸ್ವಲ್ಪ ದೂರ ನೇರವಾಗಿ ಹೋಗಿ, ತುದಿಯ ಹತ್ತಿರ ಅಗಲವಾಗಿ, ಬಾಯಿಯ ಕಡೆಗೆ ಬಾಗುತ್ತದೆ. ಆ ಬಾಗು ಅಂದಕ್ಕಾಗಿ ಬಂದದ್ದಲ್ಲ. ಬೀಸಿದ ಏಟು ಕೊಂಬೆಯಿಂದ ಜಾರದಂತೆ ಅದು ತಡೆಯುತ್ತದೆ. ಕಡಿದ ಸೊಪ್ಪನ್ನು ಕೈ ಚಾಚದೆ ಎಳೆದುಕೊಳ್ಳಲು ಆಗುತ್ತದೆ. ನೆಲದ ಹತ್ತಿರ ಕಡಿಯುವಾಗ ಬಾಯಿ ಕಲ್ಲಿಗೆ ತಾಗುವುದನ್ನು ಮೂತಿ ತಪ್ಪಿಸುತ್ತದೆ. ತೂಕವೆಲ್ಲ ತುದಿಯ ಕಡೆಗಿರುವುದರಿಂದ ಏಟಿನ ಅರ್ಧ ಕೆಲಸವನ್ನು ಕಬ್ಬಿಣವೇ ಮಾಡುತ್ತದೆ. ಬೆನ್ನು ದಪ್ಪ, ಬಾಯಿ ತೆಳು; ಬೆನ್ನಿನಿಂದ ಬಾಯಿಗೆ ಇಳಿಯುವ ಇಳಿಜಾರು ಎಷ್ಟಿರಬೇಕು ಎಂಬುದರಲ್ಲಿ ಆಚಾರಿಯ ಅನುಭವ ಕಾಣುತ್ತದೆ. ತೀರ ತೆಳುವಾದರೆ ಒಣಗಂಟಿಗೆ ಬಡಿದಾಗ ಬಾಯಿ ಮಡಚುತ್ತದೆ, ದಪ್ಪವಾದರೆ ಹಸಿ ಕೊಂಬೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ಒಂದು ಮನೆಯಲ್ಲಿ ಒಂದೇ ಕತ್ತಿ ಇರುವುದಿಲ್ಲ. ಸೊಪ್ಪು ಕಡಿಯುವುದು ಬೇರೆ, ಮಾಂಸಕ್ಕೋ ಹಲಸಿನಕಾಯಿಗೋ ಇರುವುದು ಬೇರೆ. ದೋಟಿಯ ತುದಿಗೆ ಕಟ್ಟುವ ಚಿಕ್ಕ ಬಾಗುಗತ್ತಿ, ಗದ್ದೆ ಕೊಯ್ಲಿಗೆ ಹಲ್ಲಿನ ಕುಡುಗೋಲು, ಅಡುಗೆಮನೆಯಲ್ಲಿ ಈಳಿಗೆಮಣೆ, ಎಲೆ ಅಡಿಕೆಯ ತಟ್ಟೆಯಲ್ಲಿ ಅಡಕತ್ತರಿ. ಇವುಗಳಲ್ಲಿ ಮೆಟ್ಟುಗತ್ತಿಗೆ ವಿಶೇಷ ಸ್ಥಾನ. ಮಣೆಗೆ ನೆಟ್ಟಗೆ ಜಡಿದ ಅಲಗಿನ ಎದುರು ಕುಳಿತು, ಮಣೆಯನ್ನು ಕಾಲಲ್ಲಿ ಮೆಟ್ಟಿ, ಹಸಿ ಅಡಿಕೆಯನ್ನು ಬಾಯಿಗೆ ಒತ್ತಿ ಸಿಪ್ಪೆ ಬಿಡಿಸುವ ಈ ಹತಾರದ ಸುತ್ತ ಅಡಿಕೆ ಸುಗ್ಗಿಯ ರಾತ್ರಿಗಳು ಕಳೆಯುತ್ತಿದ್ದವು. ಸುಲಿಯುವ ಯಂತ್ರ ಬಂದ ಮೇಲೆ ಅನೇಕ ಮನೆಗಳಲ್ಲಿ ಅದು ಅಟ್ಟ ಸೇರಿದೆ. ಹಸಿ ಅಡಿಕೆ ತಾಗುವ ಕಬ್ಬಿಣವನ್ನು ಗುರುತಿಸುವುದು ಸುಲಭ. ಅಡಿಕೆಯ ಚೊಗರು ಕಬ್ಬಿಣದೊಂದಿಗೆ ಸೇರಿ ಅಲಗಿನ ಮೇಲೆ ನೀಲಿಗಪ್ಪು ಪದರ ಕಟ್ಟುತ್ತದೆ. ಅದು ತುಕ್ಕಲ್ಲ, ತೆಳುವಾಗಿ ಕೂತ ಆ ಕಪ್ಪು ಪದರ ಕೆಂಪು ತುಕ್ಕನ್ನು ತುಸು ದೂರವೇ ಇಡುತ್ತದೆ.

ಕತ್ತಿಯ ಗುಣ ನಿಲ್ಲುವುದು ಉಕ್ಕಿನ ಮೇಲೆ. ಕನ್ನಡ ನಾಡಿನಲ್ಲಿ ಉಕ್ಕಿನ ವಿದ್ಯೆ ಹಳೆಯದು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನರಾಯದುರ್ಗದ ಕಡೆ ಉಕ್ಕು ಮಾಡುವ ಕ್ರಮವನ್ನು ಕಂಡು ಬರೆದಿದ್ದಾನೆ. ಆತನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಯ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ ಸುಟ್ಟು ಉಳಿದ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ಇದೇ ತಂಗಡಿಯ ತೊಗಟೆ ಚರ್ಮ ಹದ ಮಾಡಲು ಬರುತ್ತದೆ; ಬಯಲುಸೀಮೆಯ ಒಂದೇ ಗಿಡ ಕತ್ತಿಗೂ ಅದರ ಒರೆಗೂ ಒದಗುತ್ತಿತ್ತು. ಅಂಥ ಉಕ್ಕು ದುಬಾರಿ. ಹಾಗಾಗಿ ಇಡೀ ಕತ್ತಿಯನ್ನು ಅದರಲ್ಲೇ ಮಾಡುವ ಬದಲು ಮೆದು ಕಬ್ಬಿಣದ ಮೈಗೆ ಬಾಯಿಯ ಉದ್ದಕ್ಕೂ ಉಕ್ಕಿನ ಪಟ್ಟಿಯನ್ನು ಕೂರಿಸಿ ಬೆಸೆಯುತ್ತಿದ್ದರು. ಕೊಡಲಿಗೂ ಗುದ್ದಲಿಗೂ ‘ಉಕ್ಕು ಹಾಕಿಸುವ’ ಮಾತು ಇಂದಿಗೂ ಹಳ್ಳಿಗಳಲ್ಲಿ ಬಳಕೆಯಲ್ಲಿದೆ.

ಮಲೆನಾಡಿನ ಮಗ್ಗುಲಲ್ಲೇ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಇದ್ದಿಲು, ಭದ್ರೆಯ ನೀರು ಅದಕ್ಕೆ ಆಧಾರ. ಊರ ಕುಲುಮೆಗಳ ಸ್ವರೂಪ ಬದಲಿಸಿದ್ದು ಮಾತ್ರ ಲಾರಿ. ಲಾರಿ, ಬಸ್ಸು, ಜೀಪುಗಳ ಅಡಿಯಲ್ಲಿ ಭಾರ ಹೊರುವ ಪಟ್ಟಿ ಸ್ಪ್ರಿಂಗ್ ಮುರಿದರೆ ಗುಜರಿಗೆ ಬರುತ್ತದೆ. ಅದರಲ್ಲಿ ನೂರಕ್ಕೆ 0.5ರಿಂದ 0.6ರಷ್ಟು ಇಂಗಾಲ, ಜೊತೆಗೆ ಮ್ಯಾಂಗನೀಸ್, ಸಿಲಿಕಾನ್ ಅಥವಾ ಕ್ರೋಮಿಯಂ ಇರುತ್ತದೆ. ಬಾಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ ಉಕ್ಕು ಅದು. ಏಟು ತಿನ್ನುವ ಕತ್ತಿಗೆ ಬೇಕಾದದ್ದೂ ಅದೇ ಗುಣ. ಈ ಪಟ್ಟಿಯಿಂದ ಮಾಡಿದ ‘ಪ್ಲೇಟಿನ ಕತ್ತಿ’ ಎಂದರೆ ಕೊಳ್ಳುವವನಿಗೆ ಬೇರೆ ವಿವರಣೆ ಬೇಕಿಲ್ಲ. ಬೆಸುಗೆಯ ಕಷ್ಟ ಇಲ್ಲವಾಯಿತು, ಕತ್ತಿಯ ಮೈಯೆಲ್ಲ ಉಕ್ಕೇ ಆಯಿತು.

ಆದರೆ ಪ್ಲೇಟು ತಂದ ಮಾತ್ರಕ್ಕೆ ಕತ್ತಿಯಾಗುವುದಿಲ್ಲ. ಹಳೆಯ ಸ್ಪ್ರಿಂಗಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ತಟ್ಟುವಾಗ ಕಾಣದಿದ್ದರೂ ಹದ ಹಾಕುವಾಗ ಅದು ಬಾಯಿ ಬಿಡುತ್ತದೆ. ಆದ್ದರಿಂದ ಮುರಿದ ಜಾಗದಿಂದ ದೂರದ ತುಂಡನ್ನೇ ಆರಿಸಬೇಕು. ಅಳತೆಗೆ ಕತ್ತರಿಸಿದ ಪಟ್ಟಿ ಕುಲುಮೆಯ ಇದ್ದಿಲಿನಲ್ಲಿ ಕಿತ್ತಳೆ ಬಣ್ಣಕ್ಕೆ ಬರುವವರೆಗೆ ಕಾಯುತ್ತದೆ. ಹಿಂದೆ ಗಾಳಿಗೆ ಚರ್ಮದ ತಿದಿ, ಆಮೇಲೆ ಕೈಯಲ್ಲಿ ತಿರುಗಿಸುವ ಚಕ್ರ, ಈಗ ವಿದ್ಯುತ್ ಬ್ಲೋವರ್. ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟಾಗ ಇಬ್ಬರ ಕೆಲಸ ಶುರು: ಎದುರು ನಿಂತವನದು ದೊಡ್ಡ ಸುತ್ತಿಗೆ, ಆಚಾರಿಯದು ಚಿಕ್ಕದು. ಚಿಕ್ಕ ಸುತ್ತಿಗೆ ಬಡಿದ ಜಾಗಕ್ಕೇ ದೊಡ್ಡದು ಬೀಳಬೇಕು. ಮಾತಿಗೆ ಅಲ್ಲಿ ಅವಕಾಶವಿಲ್ಲ. ಅಡಿಗಲ್ಲಿನ ಅಂಚಿಗೆ ಸುತ್ತಿಗೆ ಸುಮ್ಮನೆ ತಾಗಿಸಿದರೆ ನಿಲ್ಲಿಸು ಎಂದರ್ಥ.

ಮೊದಲು ಹಿಡಿಯೊಳಗೆ ಹೋಗುವ ಬಾಲ ಎಳೆಯುತ್ತಾರೆ, ನಂತರ ಮೂತಿಯ ಬಾಗು, ಕೊನೆಗೆ ಬಾಯಿ. ಬಾಯಿ ತೆಳುವಾಗಿಸುತ್ತ ಹೋದಂತೆ ಆ ಬದಿಯ ಕಬ್ಬಿಣ ಉದ್ದವಾಗುತ್ತದೆ, ಪರಿಣಾಮವಾಗಿ ಅಲಗು ಬೆನ್ನಿನ ಕಡೆಗೆ ಬಳುಕುತ್ತದೆ. ಅನುಭವಿ ಆಚಾರಿ ಅದನ್ನು ಮೊದಲೇ ಲೆಕ್ಕ ಹಾಕಿ ಪಟ್ಟಿಯನ್ನು ಬಾಯಿಯ ಕಡೆಗೆ ಹೆಚ್ಚು ಬಾಗಿಸಿಟ್ಟಿರುತ್ತಾನೆ. ತಟ್ಟಿ ಮುಗಿಯುವಾಗ ಬೇಕಾದ ಬಾಗು ತಾನಾಗಿ ಉಳಿಯುತ್ತದೆ. ಕೆಂಪು ಮಂಕಾದ ಮೇಲೂ ಬಡಿಯುತ್ತಿದ್ದರೆ ಉಕ್ಕು ಸೀಳುತ್ತದೆ. ಬೆಳ್ಳಗೆ ಕಿಡಿ ಹಾರುವಷ್ಟು ಕಾಯಿಸಿದರೆ ಇಂಗಾಲವೇ ಉರಿದುಹೋಗುತ್ತದೆ. ಅಂಥ ಅಲಗು ಮತ್ತೆ ಸರಿಹೋಗದು.

ತಟ್ಟಿದ ಮೇಲೆ ಬರುವುದು ಹದ. ಕತ್ತಿಯ ಬದುಕೆಲ್ಲ ಇಲ್ಲಿ ನಿರ್ಧಾರವಾಗುತ್ತದೆ, ಅದೂ ಕೆಲವೇ ಗಳಿಗೆಯಲ್ಲಿ. ಅಲಗನ್ನು ಸಮನಾಗಿ ಕಡುಗೆಂಪಿಗೆ ತರುತ್ತಾರೆ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲಿನ ಕಾವೇ ಹದಕ್ಕೆ ಸರಿಯಾದದ್ದು. ಕುಲುಮೆಯಲ್ಲಿ ಈ ಅಳತೆ ಕಣ್ಣಿನದು. ಹಾಗಾಗಿಯೇ ಕುಲುಮೆಗೆ ಮಬ್ಬು ಬೆಳಕು ಬೇಕು: ಬಿಸಿಲಿನಲ್ಲಿ ಕೆಂಪಿನ ಛಾಯೆಗಳು ಒಂದರೊಳಗೊಂದು ಕರಗಿಹೋಗುತ್ತವೆ. ನಂತರ ಬಾಯಿಯನ್ನಷ್ಟೇ, ಒಂದೆರಡು ಬೆರಳಿನ ಅಗಲ, ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಬಾಯಿ ಗಾಜಿನಂತೆ ಗಡುಸಾಗುತ್ತದೆ, ಬೆನ್ನು ಇನ್ನೂ ಕೆಂಪಾಗಿಯೇ ಇರುತ್ತದೆ. ಸ್ಪ್ರಿಂಗಿನ ಉಕ್ಕು ತಣ್ಣೀರಿಗೆ ಸಿಡಿಯುವ ಸಂಭವ ಹೆಚ್ಚು. ಬೆಚ್ಚಗಿನ ಎಣ್ಣೆ ಅದಕ್ಕೆ ಸುರಕ್ಷಿತ.

ಅಷ್ಟಕ್ಕೇ ಬಿಟ್ಟರೆ ಮೊದಲ ಏಟಿಗೇ ಬಾಯಿ ಚಕ್ಕೆ ಹಾರುತ್ತದೆ. ಆದ್ದರಿಂದ ಬಾಯಿಯನ್ನು ಕಲ್ಲಿನಲ್ಲಿ ಚಕಚಕನೆ ಉಜ್ಜಿ ಬಿಳುಪಾಗಿಸಿ ನೋಡುತ್ತ ನಿಲ್ಲುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ಇಳಿಯುತ್ತದೆ, ಅದರೊಂದಿಗೆ ಬಣ್ಣವೂ ಹರಿದುಬರುತ್ತದೆ. ಮೊದಲು ಒಣಹುಲ್ಲಿನ ಹಳದಿ, 220–230 ಡಿಗ್ರಿಯ ಹೊತ್ತಿಗೆ. ಆಮೇಲೆ ಕಂದು, ನೇರಳೆ, 300 ಡಿಗ್ರಿಯ ಹತ್ತಿರ ನೀಲಿ. ಚರ್ಮ ಕೊಯ್ಯುವ ಚಾಕುವಿಗೆ ಹಳದಿ ಸಾಕು. ಕೊಂಬೆ ಕಡಿಯುವ ಕತ್ತಿಗೆ ಕಂದು ಕಳೆದು ನೇರಳೆ ಮೂಡಬೇಕು. ಬೇಕಾದ ಬಣ್ಣ ಬಾಯಿಯ ಅಂಚಿಗೆ ತಲುಪಿದ ಕ್ಷಣ ಅಲಗಿಡೀ ನೀರಿಗೆ. ಒಂದು ಉಸಿರು ತಡವಾದರೂ ನೀಲಿ ದಾಟಿ ಬಾಯಿ ಮೆದುವಾಗುತ್ತದೆ. ಆಗ ಮತ್ತೆ ಬೆಂಕಿಯಿಂದಲೇ ಶುರು. ಪುಸ್ತಕ ಓದಿ ಈ ಬಣ್ಣಗಳ ಹೆಸರು ಕಲಿಯಬಹುದು. ನಿಲ್ಲಿಸಬೇಕಾದ ಗಳಿಗೆ ಕೈಗೆ ಹತ್ತಲು ವರ್ಷಗಳೇ ಬೇಕು. ಇಡೀ ಕಸುಬಿನಲ್ಲಿ ಮರ್ಯಾದೆ ಸಲ್ಲಬೇಕಾದ ಜಾಗ ಇದು.

ಹಿಡಿಗೆ ಹಲಸು, ಬೀಟೆಯಂಥ ಬಿಗಿ ಮರ. ಎಳೆ ನೇರವಾಗಿ, ಗಂಟಿಲ್ಲದೆ, ಚೆನ್ನಾಗಿ ಒಣಗಿರಬೇಕು. ಹಸಿ ಮರದ ಹಿಡಿ ಬೇಸಿಗೆಯಲ್ಲಿ ಸೊರಗಿ ಸಡಿಲವಾಗುತ್ತದೆ. ಕಾದ ಬಾಲವನ್ನೇ ತೂತಿಗೆ ಒತ್ತಿ ಸುಟ್ಟು ಕೂರಿಸುವುದುಂಟು, ತೂತಿಗೆ ಅರಗು ತುಂಬಿ ಬಿಗಿಯುವುದುಂಟು. ಮರ ಸೀಳದಂತೆ ಕುತ್ತಿಗೆಗೆ ಕಬ್ಬಿಣದ ಅಥವಾ ಹಿತ್ತಾಳೆಯ ಬಳೆ. ಹಿಡಿಯ ಕೊನೆ ಬೆವರು, ಮಳೆ, ಸೊನೆಗಳಲ್ಲಿ ಕೈ ಜಾರದಂತೆ ಕೆಳಕ್ಕೆ ಬಾಗಿ ದಪ್ಪವಾಗಿರುತ್ತದೆ. ಹಳೆಯ ಮನೆಗಳಲ್ಲಿ ಕಡವೆ ಕೊಂಬಿನ ಹಿಡಿಗಳಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಂಥ ಹೊಸ ಹಿಡಿಗೆ ದಾರಿಯಿಲ್ಲ, ಇರಲೂ ಬಾರದು.

ಇಷ್ಟು ಆಸ್ಥೆಯಿಂದ ಮಾಡಿದ ಕತ್ತಿಗೆ ಮಲೆನಾಡಿನಲ್ಲಿ ಒರೆಯೇ ಇಲ್ಲ. ಹೊರಗಿನವರಿಗೆ ಇದು ಕೊರತೆಯಂತೆ ಕಾಣಬಹುದು. ಕಾರಣ ಮಳೆ. ಕೊಪ್ಪ–ಶೃಂಗೇರಿ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ; ಪಕ್ಕದ ಆಗುಂಬೆಯಲ್ಲಿ ಅದರ ಎರಡರಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ವಸ್ತು ಮೂಲೆಯಲ್ಲಿಟ್ಟಲ್ಲೇ ಬೂಷ್ಟು ಹಿಡಿಯುತ್ತದೆ. ಒರೆಯೊಳಗೆ ಸೇರಿದ ನೀರು ಆರುವುದಿಲ್ಲ, ಚರ್ಮದಲ್ಲಿರುವ ಹುಳಿ ಮತ್ತು ಉಪ್ಪಿನಂಶ ಆ ತೇವದಲ್ಲಿ ಕಬ್ಬಿಣವನ್ನು ತಿನ್ನುತ್ತದೆ. ಹಸಿ ಸೊಪ್ಪಿನ ಸೊನೆ ಹತ್ತಿದ ಕತ್ತಿಯನ್ನು ಕ್ಷಣಕ್ಕೊಮ್ಮೆ ಒರೆಗೆ ತೂರಿಸಿದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ. ಕೊಕ್ಕೆಯಲ್ಲಿ ಈ ಯಾವ ತೊಂದರೆಯೂ ಇಲ್ಲ. ಮರದಲ್ಲಿ ಕೆತ್ತಿದ ಅಥವಾ ಕಬ್ಬಿಣ ಬಾಗಿಸಿದ ಕೊಕ್ಕೆಗೆ ಕತ್ತಿಯ ಕುತ್ತಿಗೆ ಸಿಕ್ಕಿಸಿದರಾಯಿತು. ಅಲಗು ಗಾಳಿಗೆ ತೆರೆದಿರುತ್ತದೆ, ನೀರು ಸೋರಿಹೋಗುತ್ತದೆ. ಅಡಿಕೆ ಮರದ ತುದಿಯಲ್ಲಿ ಒಂದು ಕೈಯಲ್ಲಿ ಮರ ತಬ್ಬಿದ ಕೊನೆಗಾರ ಇನ್ನೊಂದು ಕೈಯಲ್ಲಿ ನೋಡದೆಯೇ ಕತ್ತಿ ತೆಗೆದು, ನೋಡದೆಯೇ ಮತ್ತೆ ಸಿಕ್ಕಿಸುತ್ತಾನೆ. ಆ ಕೆಲಸಕ್ಕೆ ಎಂಥ ಚೆಂದದ ಒರೆಯೂ ಒದಗದು.

ಕೊಡಗಿನಲ್ಲಿ ಎರಡೂ ಬಗೆ ಅಕ್ಕಪಕ್ಕ ಉಳಿದಿವೆ. ಒಡಿಕತ್ತಿ ಅಗಲ ಅಲಗಿನ, ಮುಂದಕ್ಕೆ ಬಾಗಿದ ಯುದ್ಧದ ಕತ್ತಿ. ಅದನ್ನು ಧರಿಸುವುದು ಬೆನ್ನ ಹಿಂದೆ, ತೊಡಂಗ್ ಎಂಬ ಹಿತ್ತಾಳೆಯ ಹಿಡಿಕೆಯಲ್ಲಿ, ಅಲಗನ್ನು ತೆರೆದಿಟ್ಟೇ. ಮಲೆನಾಡಿನ ಕೊಕ್ಕೆಯ ಹತ್ತಿರದ ನೆಂಟ ಅದು. ಮಳೆನಾಡಿನ ತರ್ಕ ಅಲ್ಲಿಯೂ ಅದೇ. ಕೊಡವರ ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡನ್ನು ಒಂದೇ ಏಟಿಗೆ ಕಡಿಯುವ ಬಾಳೆ ಬಿರುದು ಈ ಕತ್ತಿಯದು. ಪೀಚೆಕತ್ತಿಯದು ಬೇರೆಯೇ ಕಥೆ. ಕುಪ್ಪಸದ ಮೇಲೆ ಬಿಗಿದ ಕೆಂಪು ರೇಷ್ಮೆಯ ಚೇಲೆಗೆ ಮುಂದುಗಡೆ ಸಿಕ್ಕಿಸುವ ಚಿಕ್ಕ ಕತ್ತಿ ಇದು. ಇದರ ಒರೆಗೆ ಬೆಳ್ಳಿಯ, ಅನುಕೂಲವಿದ್ದವರಲ್ಲಿ ಚಿನ್ನದ ಕೆಲಸ. ಜೊತೆಗೆ ತೂಗುವ ಬೆಳ್ಳಿ ಸರಪಳಿಗಳು. ಕಮ್ಮಾರ ಅಲಗು ತಟ್ಟಿದ ಮೇಲೆ ಇದು ಅಕ್ಕಸಾಲಿಗನ ಕೈಗೆ ಹೋಗುತ್ತದೆ. ಮಳೆಯಲ್ಲಿ ದುಡಿಯುವ ಕತ್ತಿಯಲ್ಲ, ಮದುವೆ ಮತ್ತು ಹಬ್ಬಕ್ಕೆ ಪೆಟ್ಟಿಗೆಯಿಂದ ಹೊರಬರುವ ಕತ್ತಿ. ಹೀಗಾಗಿ ಒರೆಯೂ ಅಲಂಕಾರವೂ ಇಲ್ಲಿ ಸಲ್ಲುತ್ತವೆ. ಸೆಪ್ಟೆಂಬರ್ ಆರಂಭದ ಕೈಲ್‌ಪೋಳ್ದ್ ಹಬ್ಬದಲ್ಲಿ ಕತ್ತಿ, ಕೋವಿಗಳನ್ನು ತೊಳೆದು ತೋಕ್‌ಪೂ ಹೂವಿಟ್ಟು ಪೂಜಿಸುತ್ತಾರೆ. ಜಯಪುರದ ಸುತ್ತಲ ಮನೆಗಳಲ್ಲಿ ಆ ಗೌರವ ಕತ್ತಿಗೆ ಸಲ್ಲುವುದು ನವರಾತ್ರಿಯ ಆಯುಧ ಪೂಜೆಯಂದು.

ಚರ್ಮದ ಒರೆ ಒಣಹವೆಯ ನಾಡುಗಳಿಗೆ ಚೆನ್ನಾಗಿ ಒಗ್ಗುತ್ತದೆ. 19ನೇ ಶತಮಾನದಲ್ಲಿ ಉತ್ತರ ಅಮೆರಿಕದ ಹುಲ್ಲುಗಾವಲಿನ ಗಡಿಸೀಮೆಯಲ್ಲಿ ಬೇಟೆಗಾರರು ಧರಿಸುತ್ತಿದ್ದ ಚಾಕುಗಳ ಅಲಗು ಬಹುಪಾಲು ಇಂಗ್ಲೆಂಡಿನ ಶೆಫೀಲ್ಡಿನಿಂದ ಬಂದದ್ದು. 1834ರ ನಂತರ ಮ್ಯಾಸಚೂಸೆಟ್ಸ್‌ನ ಜಾನ್ ರಸೆಲ್‌ನ ಗ್ರೀನ್ ರಿವರ್ ಕಾರ್ಖಾನೆಯ ಅಲಗುಗಳೂ ಸೇರಿಕೊಂಡವು. ಒರೆ ಮಾತ್ರ ಅಲ್ಲಿಯದೇ. ಕಾಡೆಮ್ಮೆಯ ಹಸಿ ತೊಗಲನ್ನು ಮಡಚಿ ಹೊಲಿದು, ಹಿತ್ತಾಳೆಯ ಗುಬುಟು ಮೊಳೆ ಬಡಿದು, ಮಣಿ ಮತ್ತು ಮುಳ್ಳುಹಂದಿಯ ಮುಳ್ಳಿನ ಕಸೂತಿ ಹಾಕಿ, ಅಂಚಿಗೆ ಚರ್ಮದ ಜಾಲರಿ ಬಿಡುತ್ತಿದ್ದರು. ಬಯಲಿನ ಮೂಲನಿವಾಸಿಗಳ ಕೈಕೆಲಸ ಅದರಲ್ಲಿ ಎದ್ದು ಕಾಣುತ್ತದೆ. ಇಂದು ಜಗತ್ತಿನ ಹಲವೆಡೆ ಹವ್ಯಾಸಿ ಕಮ್ಮಾರರು ಆ ಮಾದರಿಯನ್ನೇ ಮತ್ತೆ ಮಾಡುತ್ತಿದ್ದಾರೆ.

ಅಂಥ ಒರೆಗೆ ಬೇಕಾದ ಚರ್ಮ ಕರ್ನಾಟಕದಲ್ಲೇ ಇದೆ. ಅಥಣಿ, ನಿಪ್ಪಾಣಿ ಕಡೆಯ ಚಮ್ಮಾರರು ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಗಟ್ಟಿ ಚರ್ಮ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಒಳಗೊಂಡು 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿತು. ಹೀಗೆ ಮರದ ತೊಗಟೆಯಲ್ಲಿ ಹದಗೊಂಡ ಚರ್ಮಕ್ಕೆ ಒಂದು ಅಪರೂಪದ ಗುಣವಿದೆ: ನೆನೆಸಿದಾಗ ಮೆತ್ತಗಾಗಿ, ಒತ್ತಿದ ಆಕಾರ ಪಡೆದು, ಒಣಗಿದ ಮೇಲೆ ಅದನ್ನೇ ಉಳಿಸಿಕೊಳ್ಳುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಮೆತ್ತನೆಯ ಚೀಲದ ಚರ್ಮಕ್ಕೆ ಈ ಗುಣವಿಲ್ಲ, ಅದರ ಲವಣ ಅಲಗಿಗೂ ಒಳ್ಳೆಯದಲ್ಲ.

ಒರೆಯ ಕೆಲಸ ಕಾಗದದ ಮಾದರಿಯಿಂದ ಆರಂಭ. ಅಲಗಿನ ಸುತ್ತ ಹೊಲಿಗೆಗೆ ಜಾಗ ಬಿಟ್ಟು ಚರ್ಮ ಕತ್ತರಿಸಿ, ನೆನೆಸಿ, ತೇವ ಅರ್ಧ ಆರಿದಾಗ ಬಳ್ಳಿ, ಹೂವು, ಚುಕ್ಕಿಗಳನ್ನು ಮೊಂಡು ಚಾಣದಿಂದ ಒತ್ತಿ ಮೂಡಿಸುತ್ತಾರೆ. ತೇವ ಹೆಚ್ಚಿದ್ದರೆ ಗೆರೆ ಮಸುಕಾಗುತ್ತದೆ, ಕಡಿಮೆಯಾದರೆ ಚರ್ಮ ಬಿರಿಯುತ್ತದೆ. ಮಡಚಿದ ಎರಡು ಪದರಗಳ ನಡುವೆ, ಬಾಯಿ ಬರುವ ಕಡೆ, ಇನ್ನೊಂದು ಚರ್ಮದ ಪಟ್ಟಿಯನ್ನು ಇಟ್ಟು ಹೊಲಿಯುವುದು ಕಡ್ಡಾಯ. ಅದಿಲ್ಲದಿದ್ದರೆ ಕತ್ತಿ ತೂರಿಸಿದಾಗಲೆಲ್ಲ ಬಾಯಿ ದಾರವನ್ನು ಕೊಯ್ಯುತ್ತದೆ, ಒಂದು ದಿನ ಒರೆ ದಾಟಿ ತೊಡೆಗೆ ಬರುತ್ತದೆ. ಎರಡು ಸೂಜಿಯಲ್ಲಿ ಎರಡೂ ಕಡೆಯಿಂದ ಹೊಲಿದ ಮೇಣದ ದಾರ ಒಂದು ಕಡೆ ಹರಿದರೂ ಬಿಚ್ಚುವುದಿಲ್ಲ. ಕೊನೆಗೆ ಎಣ್ಣೆ ಮತ್ತು ಜೇನುಮೇಣ. ಹಿತ್ತಾಳೆ ಮೊಳೆ ಹಾಕಿದ್ದರೆ ಚರ್ಮದ ಜಿಡ್ಡಿನಿಂದ ಅದರ ಸುತ್ತ ಹಸಿರು ಕಿಲುಬು ಏಳುತ್ತದೆ, ಆಗಾಗ ಒರೆಸಬೇಕು. ಮಳೆಸೀಮೆಯಲ್ಲಿ ಇಂಥ ಒರೆ ಇಟ್ಟುಕೊಳ್ಳುವವರು ಕತ್ತಿಯನ್ನು ಅದರೊಳಗೆ ಬಿಟ್ಟು ಮರೆಯಬಾರದು. ಅಲಗಿಗೆ ಕೊಬ್ಬರಿ ಎಣ್ಣೆ ಸವರಿ ಒಲೆಯ ಮೇಲಿನ ಅಟ್ಟದಲ್ಲಿ, ಒರೆಯನ್ನು ಗಾಳಿಯಾಡುವಲ್ಲಿ, ಬೇರೆಬೇರೆಯಾಗಿ ಇಡಬೇಕು.

ಕಾನೂನು ದುಡಿಯುವ ಕತ್ತಿಯನ್ನೂ ಅಲಂಕಾರದ ಕತ್ತಿಯನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಬಳಕೆಗಾಗಿ ಮಾಡಿದವನ್ನು ಹೊರಗಿಡುತ್ತವೆ. ತೋಟದ ಕತ್ತಿ ಈ ವಿನಾಯಿತಿಯೊಳಗೆ ಬರುತ್ತದೆ. ಅಲಂಕಾರದ ಉದ್ದ ಚಾಕು ಮಾಡಿ ಮಾರಲು ಹೊರಟವರು ಈ ಅಳತೆಯನ್ನು ಮೊದಲೇ ಗಮನಿಸಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ.

ಅಂಗಡಿಯಲ್ಲಿ ಅಚ್ಚಿನಲ್ಲಿ ಒತ್ತಿದ ಅಗ್ಗದ ಕತ್ತಿ ಸಿಗುವಾಗ ಕುಲುಮೆಗೇಕೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಎರಡನೆಯ ವರ್ಷ ಸಿಗುತ್ತದೆ. ಕತ್ತಿ ಒಮ್ಮೆ ಕೊಂಡು ಮುಗಿಯುವ ಸಾಮಾನಲ್ಲ. ದಿನವೂ ಮಸೆಗಲ್ಲಿನಲ್ಲಿ, ಅಥವಾ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಮಸೆದಂತೆಲ್ಲ ತೆಳು ಬಾಯಿ ಸವೆದು ದಪ್ಪ ಭಾಗ ಮುಂದೆ ಬರುತ್ತದೆ. ಆಗ ಎಷ್ಟು ಮಸೆದರೂ ಹರಿತ ನಿಲ್ಲದು. ಮತ್ತೆ ಕಾಯಿಸಿ, ತಟ್ಟಿಸಿ, ಹೊಸ ಹದ ಹಾಕಿಸಬೇಕು. ಒಳ್ಳೆಯ ಪ್ಲೇಟಿನ ಕತ್ತಿ ಹೀಗೆ ಹಲವು ಸಲ ಕುಲುಮೆ ಕಂಡು, ಅಗಲ ಕಳೆದುಕೊಂಡು, ಕೊನೆಗೆ ಅಡುಗೆಮನೆಯ ಚಿಕ್ಕ ಕತ್ತಿಯಾಗುತ್ತದೆ. ಅಚ್ಚಿನ ಕತ್ತಿಯ ತೆಳು ತಗಡಿಗೆ ಎರಡನೆಯ ಸಲ ತಟ್ಟಲು ಮೈಯೇ ಇರುವುದಿಲ್ಲ. ಹಿಂದೆ ಈ ರಿಪೇರಿ ಕೆಲಸಕ್ಕೆಲ್ಲ ಸುಗ್ಗಿಯಲ್ಲಿ ವರ್ಷಕ್ಕಿಷ್ಟು ಎಂದು ಬತ್ತ ಅಳೆದು ಕೊಡುವ ಪದ್ಧತಿಯಿತ್ತು. ಅದು ನಿಂತ ಮೇಲೆ ಕಮ್ಮಾರನ ಆದಾಯ ಬಿಡಿ ಕೆಲಸದ ಕೂಲಿಗೆ ಇಳಿಯಿತು.

ಕಳೆ ಕತ್ತರಿಸುವ ಪೆಟ್ರೋಲ್ ಯಂತ್ರ ತೋಟಗಳಿಗೆ ಬಂದು ಸವರುವ ಕೆಲಸದ ಬಹುಪಾಲನ್ನು ಹಿಡಿದಿದೆ. ಇದ್ದಿಲು ಸುಲಭವಾಗಿ ಸಿಗದು. ದೊಡ್ಡ ಸುತ್ತಿಗೆ ಎತ್ತುವ ಜೊತೆಗಾರ ಸಿಗುವುದು ಅದಕ್ಕಿಂತ ಕಷ್ಟ. ವಿದ್ಯುತ್ ಸುತ್ತಿಗೆ ಒಂದಿದ್ದರೆ ಒಬ್ಬನೇ ಕುಲುಮೆ ನಡೆಸಬಹುದು, ಆದರೆ ಅದಕ್ಕೆ ಬಂಡವಾಳ ಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಚಮ್ಮಾರಿಕೆಯೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಮೊದಲು 1 ಲಕ್ಷ ನಂತರ 2 ಲಕ್ಷ ರೂಪಾಯಿ ಸಾಲ ಶೇ 5ರ ಬಡ್ಡಿಯಲ್ಲಿ ಅದರಡಿ ದೊರೆಯುತ್ತದೆ. ಕುಲುಮೆಯ ಮನೆತನಗಳ ಹುಡುಗರು ಹೆಚ್ಚಾಗಿ ಗೇಟು, ಕಿಟಕಿ ಸರಳುಗಳ ವೆಲ್ಡಿಂಗ್ ಕೆಲಸಕ್ಕೆ ಹೊರಳುತ್ತಿದ್ದಾರೆ. ಅಲ್ಲಿ ದಿನದ ಕೂಲಿ ಖಚಿತ. ಆದರೂ ಮಳೆ ಹಿಡಿಯುವ ಮುನ್ನ, ಮತ್ತೆ ಅಡಿಕೆ ಕೊಯ್ಲಿಗೆ ಮೊದಲು, ಮೊಂಡಾದ ಕತ್ತಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಜನ ಕುಲುಮೆ ಹುಡುಕಿಕೊಂಡು ಬರುತ್ತಾರೆ. ಕೊನೆಗಾರನ ಕತ್ತಿಗೆ, ದೋಟಿಯ ಬಾಗುಗತ್ತಿಗೆ, ಎಳನೀರು ಕೆತ್ತುವ ಕತ್ತಿಗೆ ಹದ ಹಾಕುವ ಯಂತ್ರ ಇನ್ನೂ ಯಾವ ಅಂಗಡಿಗೂ ಬಂದಿಲ್ಲ.